ಬಚ್ಚಲ ನೀರಿನಲ್ಲಿ ಚಿಗುರಿದ ನಾರಿನ ಗಿಡ

ನಿನ್ನೆ ಸೊಸೆ ಶ್ರೀರಂಗಪಟ್ಟಣದಿಂದ ಮಲ್ಲಿಗೆ ಗಿಡ ತಂದಳು. ಬೇರಿಗೆ ಸುತ್ತಿದ್ದ ಒದ್ದೆ ಗೋಣಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ದನದ ಡಾಕ್ಟರು ಕಣ್ಣ ಮುಂದೆ ಬಂದು ನಿಂತರು…

ತೊಂಬತ್ತರ ದಶಕದ ಮಾತು. ಬೂಕನಕೆರೆ ಹತ್ತಿರದ ನಮ್ಮ ಹಳ್ಳಿಯಲ್ಲಿ ನಮಗಿದ್ದದ್ದು ಒಂದೇ ಹಸು, ಗೌರಿ. ಕರು ಹಾಕಿದ ಮೇಲೆ ಬರೀ ಒಣಹುಲ್ಲು ತಿಂದು ಸೊರಗಿತ್ತು. ಹಾಲು ತೆಳ್ಳಗಿದೆ ಎಂದು ಡೈರಿಯಲ್ಲಿ ವಾಪಸ್ಸು ಕೊಡುತ್ತಿದ್ದರು. ನೀರು ಬೆರೆಸುವವಳು ಅನ್ನಿಸಿಕೊಂಡೆ. ಸಂತೆಗೆ ಹೊಡೆದುಕೊಂಡು ಹೋಗುತ್ತೇನೆ ಎಂದು ಯಜಮಾನರು ಹೊರಟೇಬಿಟ್ಟಿದ್ದರು. ದೀಪಾವಳಿವರೆಗೆ ತಡೆಯಿರಿ ಎಂದು ಬೇಡಿಕೊಂಡೆ. ಒಪ್ಪಿದರು, ದೇವರು ದೊಡ್ಡವನು.

ಅದೇ ವಾರ ಡಾಕ್ಟರು ಗೋಣಿಯಲ್ಲಿ ಯಾವುದೋ ಗಿಡದ ಬೇರು ತಂದರು. ಬೇರೆ ಸೀಮೆಯಲ್ಲಿ ನೂಲು ತೆಗೆಯಲು ಬೆಳೆಯುತ್ತಾರಂತೆ. ಎಲೆಯಲ್ಲಿ ಕಾಳಿನಂಥ ಸತ್ವವಂತೆ. ನಮ್ಮ ದನಗಳಿಗೆ ಒಗ್ಗುತ್ತದೆಯೇ ಎಂದು ಪರೀಕ್ಷೆ ಮಾಡಬೇಕಿತ್ತು ಅವರಿಗೆ.

"ಮಂಡಿಯುದ್ದ ಬಂದೇಟ್ಗೆ ಕುಯ್ದುಬುಡವ್ವ. ಎಳೇದಿದ್ರೆ ಮೇವು, ಬಲಿತ್ರೆ ಹಗ್ಗ" ಎಂದರು.

ಬಚ್ಚಲ ನೀರು ಹರಿಯುವಲ್ಲಿ ನೆಟ್ಟೆ. ಎಲೆಯ ಬೆನ್ನು ಸುಣ್ಣ ಬಳಿದಂತೆ ಬೆಳ್ಳಗೆ. ಆದರೆ ನಮ್ಮ ಮನೆಯಲ್ಲಿ ಮೊದಲ ಕೊಯ್ಲು ಏನಿದ್ದರೂ ದೇವರದು. ಶ್ರಾವಣದ ಕಡೇ ಶನಿವಾರ ಗುಡಿಯ ಹಸುವಿಗೆ ಕೊಟ್ಟೇ ಗೌರಿಗೆ ಹಾಕುವುದೆಂದು ಕಾದೆ. ಗಿಡ ನನ್ನ ತಲೆ ಮೀರಿತು. ಗುಡಿಯ ಹಸು ಒಂದು ಬಾಯಿ ಜಗಿದು, ನಾರು ಉಗಿದು, ಮುಖ ತಿರುಗಿಸಿತು.

"ನೋಡ್ರಮ್ಮಿ, ನನ್ ಸೊಸೆ ದನುಕ್ಕೆ ಹಗ್ಗ ಕಟ್ಟೋದ್ ಬುಟ್ಟು ಹಗ್ಗಾನೇ ತಿನ್ನುಸ್ತಾವ್ಳೆ!" ಎಂದು ಅತ್ತೆ ಬೀದಿಗೆಲ್ಲ ಕೇಳುವಂತೆ ನಕ್ಕರು.

ಡಾಕ್ಟರು ಬೈಯಲಿಲ್ಲ. "ಎಳೇದ್ ಕೊಟ್ರೆ ದೇವ್ರು ಬ್ಯಾಡ ಅಂದಾನಾ ತಾಯಿ?" ಎಂದವರೇ ಕುಡುಗೋಲು ಕೇಳಿ ಪಡೆದು ಬುಡಮಟ್ಟ ಕೊಯ್ದರು. ಆಮೇಲೆ ಮೆಲ್ಲಗೆ ಹೇಳಿದರು: ನಾಗಮಂಗಲದ ಕಡೆ ನಾನು ಬೇರು ಕೊಟ್ಟಿದ್ದ ಮನೆಯವರೆಲ್ಲ ಕಿತ್ತೆಸೆದಿದ್ದಾರೆ, ಉಳಿದಿರುವುದು ನಿನ್ನದೊಂದೇ.

ಮತ್ತೆ ಚಿಗುರಿತು. ಈ ಸಲ ಮಂಡಿಯುದ್ದಕ್ಕೇ ಕೊಯ್ದು, ಒಂದು ಹಿಡಿ ಗುಡಿಗೆ ಕೊಟ್ಟು, ಉಳಿದದ್ದನ್ನು ಬಾಡಿಸಿ ರಾಗಿ ಹುಲ್ಲಿನ ಜೊತೆ ಹಾಕಿದೆ. ಮೊದಲ ದಿನ ಗೌರಿ ಬರೀ ಮೂಸಿತು. ಮೂರನೇ ದಿನ ಗೋದಲಿ ನೆಕ್ಕಿತು! ಡಾಕ್ಟರು ಎರಡು ದಿನಕ್ಕೊಮ್ಮೆ ಬಂದು, ತಿಂದದ್ದು, ಉಳಿದದ್ದು, ಸಗಣಿ ಕೂಡ ನೋಡಿ ಬರೆದುಕೊಂಡು ಹೋಗುತ್ತಿದ್ದರು…

ದೀಪಾವಳಿಗೆ ಇನ್ನೂ ವಾರವಿತ್ತು. ಡೈರಿಯವನು ಹಾಲಿಗೆ ಗಟ್ಟಿ ನೋಡುವ ಅಳತೆ ಕಡ್ಡಿ ಬಿಟ್ಟ. ನಂಬದೆ ಇನ್ನೊಂದು ಸಲ ಬಿಟ್ಟ.

"ಏನಕ್ಕಾ, ಎಮ್ಮೆ ಹಾಲ್ ಬೆರ್ಸಿದ್ದೀಯಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಯಜಮಾನರು ಸಂತೆಗೇನೋ ಹೋದರು. ಗೌರಿಗೆ ಹೊಸ ಗಂಟೆ ತಂದರು. ಅತ್ತೆಯೇ ಅಕ್ಕಪಕ್ಕದವರಿಗೆ ಅರಿಶಿನ ಕುಂಕುಮದ ಜೊತೆ ಬೇರು ಹಂಚಿದರು. ಡಾಕ್ಟರು ಜಗಲಿಯಲ್ಲಿ ಕೂತು ಪುಸ್ತಕದ ಕೊನೆಯಲ್ಲಿ ಒಂದೇ ಮಾತು ಬರೆದರು: 'ಒಗ್ಗಿತು.' ಬರೆದು, ನನಗೆ ತೋರಿಸಿದರು.

ಮುಂದಿನ ವರ್ಷ ಅವರಿಗೆ ವರ್ಗವಾಯಿತು. ತೀರಿಹೋದ ಸುದ್ದಿ ನಮ್ಮನ್ನು ಮುಟ್ಟುವ ಹೊತ್ತಿಗೆ ವರ್ಷ ಕಳೆದಿತ್ತು.

ಇವತ್ತು ಪಿತೃಪಕ್ಷದ ಎಡೆ ಇಡುವಾಗ ಒಂದು ಎಲೆ ಹೆಚ್ಚಿಗೆ ಹಾಕಿದೆ. "ಇದ್ಯಾರ್ಗೆ, ಅತ್ತೆ?" ಎಂದಳು ಸೊಸೆ. "ನಮ್ ಹಿರೀಕರಿಗೇ ಕಣವ್ವ" ಎಂದೆ. ಡಾಕ್ಟರ ಊರು, ಕುಲ ನಾನು ಕೇಳಿದವಳಲ್ಲ. ದೇವರಿಗೆ ಗೊತ್ತಿರುತ್ತದೆ, ತಲುಪಿಸುತ್ತಾನೆ.