ಬಿ ಪಾಸಿಟಿವ್, ಊಟ ಆಯ್ತಾ?

ಯುದ್ಧದ ಗುಂಡಿನ ಸದ್ದು ಕೇಳಿಸುವಷ್ಟು ಹತ್ತಿರದಲ್ಲಿರುವ ನಮ್ಮ ಪರಿಹಾರ ಸಂಸ್ಥೆಯ ಕಚೇರಿಯ ನರ್ಸಮ್ಮನಿಗೆ ಯಾರ ಹೆಸರೂ ಬೇಡ, ಬ್ಲಡ್ ಗ್ರೂಪ್ ಸಾಕು. “ಏನಪ್ಪಾ ಬಿ ಪಾಸಿಟಿವ್, ಊಟ ಆಯ್ತಾ?” ಎಂದು ಡ್ರೈವರನನ್ನು, “ಓ ನೆಗೆಟಿವ್ ಸಾಹೇಬ್ರೇ, ಜೋಪಾನ, ನಿಮ್ಮ ರಕ್ತ ಸಂತೇಲಿ ಸಿಗಲ್ಲ” ಎಂದು ಮೇಲಧಿಕಾರಿಯನ್ನು ಮಾತಾಡಿಸುತ್ತಾರೆ. ನಮಗೆ ಸ್ಟ್ರೆಚರ್ ಹೊರುವ ಅಭ್ಯಾಸ ಮಾಡಿಸುವಾಗ ಬೇಕೆಂದೇ ದಢೂತಿ ಅಡುಗೆಯವನನ್ನು ಅದರ ಮೇಲೆ ಮಲಗಿಸುತ್ತಾರೆ; ನಾವು ಏದುಸಿರು ಬಿಡುವಾಗ ಅವನು ಗೊರಕೆ ಹೊಡೆಯುತ್ತಿರುತ್ತಾನೆ. ಹೋದ ತಿಂಗಳು ರಸ್ತೆಯಲ್ಲಿ ಬಾಂಬು ಸಿಡಿದು ಡ್ರೈವರನ ತೊಡೆ ಸೀಳಿದಾಗ ಮಾತ್ರ, ನರ್ಸಮ್ಮ ಗಾಯ ಒತ್ತಿ ಹಿಡಿದು, ಅವನ ತಾಯಿ ಕರೆಯುವ ಮುದ್ದಿನ ಹೆಸರಿನಿಂದಲೇ ಆಸ್ಪತ್ರೆಯವರೆಗೂ ಕರೆಯುತ್ತಾ ಹೋದರು. ಆ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ. ಇವತ್ತು ಮಧ್ಯಾಹ್ನ ಅವನು ಕುಂಟುತ್ತಾ ಕೆಲಸಕ್ಕೆ ಬಂದ. ನರ್ಸಮ್ಮ ತಲೆಯೆತ್ತದೆ, “ಏನಪ್ಪಾ ಬಿ ಪಾಸಿಟಿವ್, ಊಟ ಆಯ್ತಾ?” ಎಂದರು. ನಮಗೆಲ್ಲ ಹೋದ ಜೀವ ಬಂದಂತಾಯಿತು.