ಅಳವಂಡಿಯ ಖೊಟ್ಟಿ ಪ್ರಯಾಣಿಕ

ಇವತ್ತು ಸಂಜೆ ಕೊಪ್ಪಳದಲ್ಲಿ ಒಬ್ಬ ಟಂಟಂ ಆಟೋ ಚಾಲಕ, “ಹೊಂಟೈತಿ ನೋಡ್ರಿ, ಅಳವಂಡಿ! ಇನ್ನೊಬ್ರ ಬರ್ರಿ, ಒಬ್ರ!” ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಇಣುಕಿ ನೋಡಿದರೆ ಒಳಗೆ ಒಂದು ನೊಣವೂ ಇಲ್ಲ. ನನಗೆ ನಗು ತಡೆಯಲಾಗಲಿಲ್ಲ. ಈ ಸುಳ್ಳಿನ ಕಸುಬಿನಲ್ಲಿ ನಾನೂ ಒಂದು ಕಾಲಕ್ಕೆ ಪಳಗಿದವನು.

ಕೊಪ್ಪಳ ಜಿಲ್ಲೆಯಾಗಿ ಮೂರ್ನಾಲ್ಕು ವರ್ಷ ಆಗಿದ್ದಿರಬೇಕು. ಅಳವಂಡಿಯಲ್ಲಿ ಮನೆಪಾಠ ಹೇಳುತ್ತ, ಕಾಲೇಜಿಗೆ ಹೋಗದೆಯೇ ಎಂ.ಎ. ಪರೀಕ್ಷೆ ಕಟ್ಟಿದ್ದೆ. ಸೂಕ್ಷ್ಮ ಅರ್ಥಶಾಸ್ತ್ರದ ಪುಸ್ತಕದ ತುಂಬ ಗೆರೆಗಳು. ಒಂದು ಏರುತ್ತಿತ್ತು, ಒಂದು ಇಳಿಯುತ್ತಿತ್ತು, ನಾನು ಮಾತ್ರ ಇದ್ದಲ್ಲೇ ಇರುತ್ತಿದ್ದೆ. ಕೊನೆಗೆ ‘ಆಟದ ಸಿದ್ಧಾಂತ’ ಎಂಬ ಅಧ್ಯಾಯ ಕಂಡಿತು. ಆಟವೆಂದಮೇಲೆ ಸುಲಭವಿರಬೇಕೆಂದು ಅಲ್ಲಿಂದಲೇ ಶುರುಮಾಡಿದೆ. ಮನೆಯಲ್ಲಿ ಮಕ್ಕಳ ಗದ್ದಲ. ಟಂಟಂ ಓಡಿಸುವ ಮಾಬುಸಾಬ ನನ್ನ ಪಾಡು ನೋಡಿ ಕರೆದ: “ಮಾಸ್ತರ, ನನ್ನ ಗಾಡ್ಯಾಗ ಕುಂತ ಓದ್ರಿ. ಮಂಡಕ್ಕಿ ಮಿರ್ಚಿ ನಂದು.”

ಇದರ ಹಿಂದಿನ ಹಿಕಮತ್ತು ನಿಮಗೆ ಗೊತ್ತಾಗಿರಬೇಕು. ಟಂಟಂ ತುಂಬದೆ ಬಿಡುವುದಿಲ್ಲ. ಬಿಡುವ ಲಕ್ಷಣ ಕಾಣದೆ ಜನ ಹತ್ತುವುದಿಲ್ಲ. ಮೊದಲು ಹತ್ತಿದವನೇ ಮೂರ್ಖ. ಆ ಮೂರ್ಖನ ಜಾಗಕ್ಕೆ ನನ್ನ ನೇಮಕವಾಯಿತು. ನನ್ನನ್ನು ಕಂಡು ಎರಡು ಮೂರು ಜನ ಹತ್ತಿದರೆ, “ಪೆನ್ನ ಮರತ ಬಂದೆ” ಎಂದು ಮೆಲ್ಲಗೆ ಇಳಿಯುತ್ತಿದ್ದೆ. ಹೀಗೆ ಅಧ್ಯಾಯವೂ ಮುಗಿಯಿತು, ಹೊಟ್ಟೆಯೂ ತುಂಬಿತು. ನಾನು ಆಡುತ್ತಿದ್ದುದು ಅದೇ ಆಟ ಎಂಬುದು ಮಾತ್ರ ತಲೆಗೆ ಹೋಗಲಿಲ್ಲ.

ಪರೀಕ್ಷೆಯ ದಿನ ಕೊಪ್ಪಳದ ಬಸ್ಸು ಕೈಕೊಟ್ಟಿತು. ಓಡಿಹೋಗಿ ಮಾಬುಸಾಬನ ಗಾಡಿಯಲ್ಲಿ ಕುಳಿತೆ. ಬೇವಿನ ಮರದಡಿ ಏಳೆಂಟು ಜನ ನಿಂತಿದ್ದರು, ಒಬ್ಬರೂ ಅಲುಗಲಿಲ್ಲ.

“ಹತ್ತಬ್ಯಾಡ್ರಿ, ಆ ಮಾಸ್ತರ ಇಳಿತಾನ,” ಎಂದಳು ಮೊಸರು ಮಾರುವ ಹನುಮವ್ವ. ಹಿಂದೊಮ್ಮೆ ನನ್ನನ್ನು ನಂಬಿ ಹತ್ತಿ, ಬಿಸಿಲಲ್ಲಿ ತಾಸುಗಟ್ಟಲೆ ಕಾದು, ಗಡಿಗೆ ಮೊಸರನ್ನು ಹುಳಿ ಮಾಡಿಕೊಂಡವಳು.

“ಯವ್ವಾ, ಇವತ್ತ ಖರೇನ ಹೊಂಟೀನಿ. ದೇವರಾಣಿ!”

ಎಲ್ಲರೂ ಗೊಳ್ಳೆಂದು ನಕ್ಕರು. ಇಡೀ ಗಾಡಿಯ ಬಾಡಿಗೆ ಕೊಡುವ ತಾಕತ್ತು ನನಗಿರಲಿಲ್ಲ. ಬರಿಗಾಡಿ ಓಡಿಸುವ ಮನಸ್ಸು ಮಾಬುಸಾಬನಿಗಿರಲಿಲ್ಲ. ಹೊತ್ತು ಏರುತ್ತಿತ್ತು. ಈ ಸಲ ತಪ್ಪಿದರೆ ಮತ್ತೊಂದು ವರ್ಷ ಕಾಯಬೇಕು. ಅಳುವೇ ಬಂತು. ಆಗ ಪುಸ್ತಕದಲ್ಲಿ ಓದಿದ್ದು ನೆನಪಾಯಿತು: ಪುಕ್ಕಟೆ ಮಾತನ್ನು ಯಾರೂ ನಂಬುವುದಿಲ್ಲ, ತಪ್ಪಿ ನಡೆದರೆ ನಮಗೇ ನಷ್ಟವಾಗುವಂಥದ್ದನ್ನು ಎದುರಿಗಿಡಬೇಕು. ಜೇಬಿನಿಂದ ಹಾಲ್ ಟಿಕೆಟ್ ತೆಗೆದು ಹನುಮವ್ವನ ಕೈಗಿಟ್ಟೆ.

ತಿರುವಿ ಮುರುವಿ ನೋಡಿದಳು. “ಇದಿಲ್ಲಂದ್ರ ಪರೀಕ್ಷಾಕ್ಕ ಕೂಡ್ಸೂದಿಲ್ಲೇನು?”

“ಇಲ್ಲಬೇ.”

ಅದನ್ನು ಎಲೆಅಡಿಕೆ ಚೀಲಕ್ಕೆ ತುರುಕಿ ಹತ್ತಿಯೇಬಿಟ್ಟಳು. ಅವಳ ಹಿಂದೆ ಉಳಿದವರೂ ಹತ್ತಿದರು.

ಕೊಪ್ಪಳದಲ್ಲಿ ಇಳಿದಮೇಲೆ, ಹಾಲ್ ಟಿಕೆಟ್ಟಿನಲ್ಲಿ ನನ್ನ ಫೋಟೋಕ್ಕೆ ಮೆತ್ತಿದ್ದ ಸುಣ್ಣವನ್ನು ಸೆರಗಿನಿಂದ ಒರೆಸಿ ಕೊಡುತ್ತ ಅಂದಳು: “ಹೋಗ್ ತಮ್ಮಾ, ಛಲೋ ಬರಿ. ಆದ್ರ ನಿನ್ನ ಹೊತ್ತಿಗಿ ಕಿಮ್ಮತ್ತ ಐತಿ, ನನ್ನ ಹೊತ್ತಿಗಿ ಇಲ್ಲೇನು?”

ಆ ದಿನ ಬರೆದ ಪರೀಕ್ಷೆಯಲ್ಲಿ ಹೇಗೋ ಪಾಸಾದೆ. ಅವಳ ಪ್ರಶ್ನೆಯನ್ನು ಮಾತ್ರ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಇವತ್ತು ನಾನೇ ಹೋಗಿ ಆ ಖಾಲಿ ಟಂಟಂನಲ್ಲಿ ಕುಳಿತೆ. ನನ್ನನ್ನು ನೋಡಿ, ಕೂಸು ಎತ್ತಿಕೊಂಡ ಹೆಂಗಸೊಬ್ಬಳು ಹತ್ತಿ, “ಲಗೂನ ಬಿಡತೈತೇನ್ರಿ?” ಎಂದು ಕೇಳಿದಳು. ಅಷ್ಟರಲ್ಲಿ ನಮ್ಮೂರಿನವನೊಬ್ಬ ಬೈಕು ನಿಲ್ಲಿಸಿ, “ಬರ್ರಿ ಸರ, ಅಳವಂಡಿಗೇ ಹೊಂಟೀನಿ. ಹಿಂದ ಕುಂಡರ್ರಿ,” ಎಂದ.

ಹೆಂಗಸು ನನ್ನ ಮುಖವನ್ನೇ ನೋಡಿದಳು.

“ನೀ ಹೋಗಪಾ,” ಎಂದೆ. “ನಾ ಇಳಿಯಂಗಿಲ್ಲ.”