ಟೈರು ಒರೆಸುತ್ತಿದ್ದ ಕಾಕಾ

ಕಾಕಾ ಅವರ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಜೊತೆ ಮಾತು ಬಿಟ್ಟಂತೆ ದೂರ ಸರಿದು ನಿಂತಿತ್ತು. ಮೂವತ್ತು ವರ್ಷ ಸರ್ಕಾರಿ ಬಸ್ಸಿನ ಆಕ್ಸಿಲರೇಟರ್ ಒತ್ತಿದ ಕಾಲು ಅದು. ಎಂಥ ಗಾಡಿಯಾದರೂ ಚಪ್ಪಲಿಯನ್ನು ಹೊರಗೆ ಬಿಟ್ಟು ಬರಿಗಾಲಲ್ಲೇ ಹತ್ತುತ್ತಿದ್ದರು. ಕೋಟಿ ಬೆಲೆಯ ಕಾರಿನ ಪಕ್ಕ ಆ ಸವೆದ ಚಪ್ಪಲಿ ಬಿದ್ದಿರುವುದನ್ನು ಕಂಡು ಗಿರಾಕಿಗಳು ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ಸುಳ್ಳೇಕೆ ಹೇಳಲಿ.

ಪುಣೆಯಲ್ಲಿ ನಮ್ಮದು ಸೆಕೆಂಡ್ ಹ್ಯಾಂಡ್ ವಿದೇಶಿ ಕಾರು ಮಾರುವ ಶೋರೂಮ್. ನಾನು ತುಮಕೂರಿನವಳು. ಗಿರಾಕಿಗಳನ್ನು ಕೂರಿಸಿಕೊಂಡು ಕಾರು ಓಡಿಸಿ ತೋರಿಸುವುದು ನನ್ನ ಕೆಲಸ. ಅಲ್ಲಿ ಆ ಕೆಲಸ ಮಾಡುವ ಹೆಂಗಸು ನಾನೊಬ್ಬಳೇ, ಅದರ ಜಂಭವೂ ನನಗಿತ್ತು. ಕಾಕಾ ವಿಜಯಪುರದ ಕಡೆಯವರು, ನಿವೃತ್ತರಾದ ಮೇಲೆ ನಮ್ಮಲ್ಲಿ ಗಾಡಿಗಳ ಉಸ್ತುವಾರಿಗೆ ಸೇರಿದ್ದರು. ಟೈರು ಹೊಸದರಂತೆ ಹೊಳೆಯಲಿ ಎಂದು ನಾವು ಪಾಲಿಶ್ ಹಚ್ಚಿಸುತ್ತಿದ್ದೆವು. ಪಕ್ಕಕ್ಕೆ ಹಚ್ಚಿದರೆ ಅವರು ಸುಮ್ಮನಿರುತ್ತಿದ್ದರು. ರಸ್ತೆಗೆ ತಾಗುವ ಭಾಗಕ್ಕೆ ಹಚ್ಚಿದರೆ ಮಾತ್ರ ಗೊಣಗುತ್ತಾ, ಗಾಡಿ ಹೊರಡುವ ಮೊದಲು ಒಂದೊಂದೇ ಟೈರನ್ನು ಉಜ್ಜಿ ಒರೆಸುತ್ತಿದ್ದರು.

ಒಂದು ದಿನ ಜಾಹೀರಾತಿನ ಫೋಟೋಗೆಂದು ಎರಡು ಸೀಟಿನ ಕೆಂಪು ಕಾರಿನ ಟೈರುಗಳಿಗೆ ನಾನೇ ನಿಂತು ತಳದವರೆಗೂ ಪಾಲಿಶ್ ಹಚ್ಚಿಸಿದೆ.

"ಚಪ್ಪಲಿ ತಳಕ್ಕ ಎಣ್ಣಿ ಹಚ್ಚಿಕೊಂಡು ಯಾರರ ನಡೀತಾರೇನ್ ತಂಗಿ?" ಎಂದರು ಕಾಕಾ.

"ಫೋಟೋ ಆದ್ಮೇಲೆ ಒರೆಸಿಬಿಡಿ ಕಾಕಾ," ಎಂದೆ.

ಫೋಟೋ ಮುಗಿಯುವ ಹೊತ್ತಿಗೆ ಗಿರಾಕಿ ಬಂದರು. ಕಾಕಾ ಬಟ್ಟೆ ಹಿಡಿದು ಬರುತ್ತಿರುವುದು ಕಂಡರೂ ನಾನು ಕಾಯಲಿಲ್ಲ.

ಹಿಂಜವಾಡಿಯ ಆಚೆ, ಇನ್ನೂ ಕಟ್ಟಡ ಏಳದ ಕಡೆ ಒಂದು ನೇರ ರಸ್ತೆಯಿದೆ. ಅಲ್ಲಿ ಗಿರಾಕಿ, "ಪಿಕಪ್ ಹೇಗಿದೆ ತೋರಿಸಿ," ಎಂದರು. ಚಕ್ರ ಜಾರದಂತೆ ತಡೆಯುವ ಬಟನ್ನನ್ನು ಆಫ್ ಮಾಡಿ ಕಾಲನ್ನು ನೆಲಕ್ಕೆ ಒತ್ತಿದೆ. ಬೆನ್ನು ಸೀಟಿಗೆ ಅಂಟಿತು. ಮರುಕ್ಷಣ ಕಾರಿನ ಹಿಂಭಾಗ ಎಡಕ್ಕೆ ಹೊರಟಿತು. ಗಾಬರಿಯಲ್ಲಿ ಕಾಲು ಪೂರ್ತಿ ಎತ್ತಿ ಬ್ರೇಕ್ ತುಳಿದೆ. ಕಾರು ಗಿರ್ರನೆ ತಿರುಗಿ, ಡಿವೈಡರ್ ಹತ್ತಿ, ಕಂಬಕ್ಕೆ ಬಡಿದು ನಿಂತಿತು. ಗಿರಾಕಿಯ ಭುಜದ ಮೂಳೆ ಮುರಿಯಿತು. ನನ್ನ ತುಟಿಗೆ ಮೂರು ಹೊಲಿಗೆ. ಬೇರೆ ಯಾರೂ ಅಡ್ಡ ಇರಲಿಲ್ಲ ಎನ್ನುವುದು ನನ್ನ ಪುಣ್ಯವಲ್ಲ, ಆ ರಸ್ತೆಯ ಪುಣ್ಯ.

ಮಾಲೀಕರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. "ಬೇಟಾ, ಇನ್ನು ಮುಂದೆ ನೀನು ಡೆಸ್ಕ್‌ನಲ್ಲೇ ಕೂತ್ಕೊ," ಎಂದು ಮರಾಠಿಯಲ್ಲಿ ಮೆತ್ತಗೆ ಹೇಳಿದರು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಒಳಗೊಳಗೆ ನನಗೂ ಅದೇ ಬೇಕಾಗಿತ್ತು ಎಂಬುದು ನಾಚಿಕೆಯ ಸಂಗತಿ. ಸ್ಕೂಟರನ್ನೂ ಮನೆಯಲ್ಲೇ ಬಿಟ್ಟು ಆಟೋದಲ್ಲಿ ಬರುತ್ತಿದ್ದೆ.

ಸಮಾಧಾನ ಹೇಳದೆ ಇದ್ದವರು ಕಾಕಾ ಒಬ್ಬರೇ. ನಾಲ್ಕನೇ ದಿನ ಡೆಸ್ಕಿನ ಮುಂದೆ ಬಂದು ನಿಂತರು.

"ಗಾಡಿದು ತಪ್ಪಿಲ್ಲ. ನಿಂದ ತಪ್ಪು."

"ಗೊತ್ತು ಕಾಕಾ. ಅದಕ್ಕೇ ಇಲ್ಲಿ ಕೂತಿದೀನಿ."

"ನಿಂದ ತಪ್ಪು ಅಂದ್ರ ಛಲೋ ಆತಲ್ಲ. ಗಾಡಿದು ಇದ್ರ ನನಗ ಏನ್ ಮಾಡ್ಲಿಕ್ಕೆ ಬರ್ತಿತ್ತು? ನಿಂದಾದ್ರ ತಿದ್ದಲಿಕ್ಕೆ ಬರ್ತದ. ಐತವಾರ ಮುಂಜಾನೆ ಬಾ."

ಅವರ ಅಳಿಯ ಬಾರಾಮತಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿದ್ದರು. ಕಬ್ಬಿನ ಲಾರಿಗಳು ಸಾಲುಗಟ್ಟುವ ದೊಡ್ಡ ಬಯಲು, ಹಂಗಾಮು ಮುಗಿದು ಖಾಲಿ ಬಿದ್ದಿತ್ತು. ಕಾಕಾ ಅಲ್ಲಿ ನೀರು ಸುರಿದು, ಅದರ ಮೇಲೆ ಸೋಪಿನ ಪುಡಿ ಚೆಲ್ಲಿ, ಒಂದು ಹಳೆಯ ವ್ಯಾನಿನಲ್ಲಿ ನನ್ನನ್ನು ಕೂರಿಸಿದರು. ಬೇಕೆಂದೇ ಜಾರಿಸಬೇಕು, ಮತ್ತೆ ನೇರ ಮಾಡಬೇಕು.

"ಕಾಲು ಜಿಗಿಸಿ ಎತ್ತಬ್ಯಾಡ, ಸಡಿಲ ಬಿಡು. ಕಂಬ ನೋಡಬ್ಯಾಡ, ಕಂಬ ನೋಡಿದ್ರ ಕಂಬಕ್ಕೇ ಹೋಗ್ತಿ. ಎಲ್ಲಿ ಹೋಗ್ಬೇಕು ಅಲ್ಲಿ ನೋಡು."

ಎರಡನೇ ಭಾನುವಾರ ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. "ನನ್ನಿಂದ ಆಗಲ್ಲ, ಬಿಟ್ಬಿಡಿ ಕಾಕಾ," ಎಂದೆ. ಅವರು ಜೇಬಿನಿಂದ ಶೇಂಗಾ ತೆಗೆದು ಬಿಡಿಸುತ್ತಾ ಕೂತರು. "ಅತ್ತು ಮುಗೀತಂದ್ರ ಸ್ಟಾರ್ಟ್ ಮಾಡು. ನನಗೇನು ಅವಸರ ಇಲ್ಲ," ಎಂದರು. ಆ ಸಿಟ್ಟಿಗೇ ಸ್ಟಾರ್ಟ್ ಮಾಡಿದೆ. ಆರನೇ ಭಾನುವಾರದ ಹೊತ್ತಿಗೆ ವ್ಯಾನು ಎಷ್ಟೇ ಜಾರಿದರೂ ಕಾಲು ಗಾಬರಿಯಾಗುವುದನ್ನು ಬಿಟ್ಟಿತ್ತು.

ಮೂರು ತಿಂಗಳಿಗೆ ಕೆಂಪು ಕಾರು ರಿಪೇರಿಯಾಗಿ ಬಂತು. ಅದನ್ನು ಓಡಿಸಿ ನೋಡಲು ಮಾಲೀಕರು ಬೇರೊಬ್ಬನನ್ನು ಕರೆದರು. ಕಾಕಾ ಕೀಲಿಯನ್ನು ಕೊಡಲಿಲ್ಲ. "ಆ ಹುಡುಗಿಯೇ ಓಡಿಸಲಿ ಸಾಹೇಬ, ನಾಳೆ ಮುಂಜಾನೆ ಪಕ್ಕದಲ್ಲಿ ನಾನು ಕೂರುತ್ತೇನೆ," ಎಂದು ಮರಾಠಿಯಲ್ಲಿ ಹೇಳಿದರು. ಮಾಲೀಕರು ಅವರ ಮುಖವನ್ನೂ ನನ್ನ ಮುಖವನ್ನೂ ನೋಡಿ, ಆಗಲಿ ಎಂದರು.

ಮರುದಿನ ಅದೇ ರಸ್ತೆ. ಕಂಬದ ಮೇಲೆ ನಮ್ಮ ಬಣ್ಣದ ಗೀರು ಇನ್ನೂ ಇತ್ತು. ಕಾಕಾ, "ಒತ್ತು," ಎಂದರು. ಒತ್ತಿದೆ. ಕಾರು ಹುಚ್ಚು ಹಿಡಿದಂತೆ ಮುನ್ನುಗ್ಗಿತು. ಒಂದು ಕಡೆ ಮರಳಿನ ಮೇಲೆ ಹಿಂಭಾಗ ಅಲುಗಿತು. ದೂರದ ತಿರುವನ್ನೇ ನೋಡುತ್ತಾ ಕಾಲು ಸಡಿಲ ಬಿಟ್ಟೆ. ಕಾರು ನೇರವಾಯಿತು. ಅವರು ಇಳಿದು ಮೈ ಮುರಿದು, "ಚಹಾ ಕುಡಿಯೂಣೇನು?" ಎಂದರು, ಅಷ್ಟೇ. ಒಂದು ಶಭಾಷ್ ಕೂಡ ಇಲ್ಲ ಎಂದು ಒಳಗೇ ಬೇಜಾರಾಯಿತು.

ಕಾಕಾ ಹೋಗಿ ಈಗ ಒಂದು ವರ್ಷ. ಹೃದಯಾಘಾತ. ಸುದ್ದಿ ತಿಳಿದು ಪುಣೆಯ ಶಿವಾಜಿನಗರದ ಅವರ ಮನೆಗೆ ಹೋದಾಗ ಅವರ ಹೆಂಡತಿ ಕಾಕೂ ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

"ಆ ಕೆಂಪ ಗಾಡಿ ಹುಡುಗಿ ನೀನೇನವಾ? ಅವರು ಆ ಗಾಡಿಗೆ ಭಾಳ ಅಂಜತಿದ್ರು. ಆವತ್ತ ಮುಂಜಾನೆ ಉಂಗುರಾ, ಗಡಿಯಾರಾ ಬಿಚ್ಚಿ ನನ್ನ ಕೈಯಾಗ ಕೊಟ್ಟು ಹೋದ್ರು. ಹೋಗಬ್ಯಾಡ್ರಿ ಅಂದೆ. ನಾ ಬಾಜೂಕ ಕೂಡಲಿಲ್ಲಂದ್ರ ಅಕಿ ಈ ಜನ್ಮದಾಗ ಗಾಡಿ ಮುಟ್ಟೂದಿಲ್ಲ ಅಂದ್ರು."

ನನ್ನ ಕಾಲು ಮತ್ತೆ ತಪ್ಪಬಹುದು ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಬಂದು ಕೂತು, ಒತ್ತು ಎಂದಿದ್ದರು.